ಇಟ್ಟಿಗೆ ಗೂಡಿನ ತಿರುವಿನಲ್ಲಿ ನಿಂತವರ ಬಗ್ಗೆ ಗೇಟಕ್ಕನ ಹೇಳಿಕೆ

ಎಲ್ಲರೂ ಗೇಟಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತು ವರ್ಷ, ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದ್ದು, ಉದ್ಯೋಗ ಮನೆಕೆಲಸ ಹಾಗೂ ಹೊಲಿಗೆ, ಮೊದಲು ರೈಲ್ವೆ ಗೇಟಿನ ಪಕ್ಕದ ಕ್ವಾರ್ಟರ್ಸ್‌ನಲ್ಲಿದ್ದು ಹಾಲಿ ಹಿರಿಮಗಳ ಮನೆಯ ಮಹಡಿಯಲ್ಲಿ ಗಂಡನೊಂದಿಗೆ ವಾಸ, ಈ ದಿನ ಠಾಣೆಯಲ್ಲಿ ಖುದ್ದಾಗಿ ಕುಳಿತು ತಮ್ಮಲ್ಲಿ ಅರಿಕೆ ಮಾಡಿ ಬರೆಸುವುದೇನೆಂದರೆ:

ಇಂದು ಸಂಜೆ ಐದೂವರೆಗೆ ನನ್ನ ಗಂಡ ಕಾಣೆಯಾಗಿದ್ದಾರೆಂದು ಇದೇ ಠಾಣೆಯಲ್ಲಿ ದೂರು ಕೊಡಲಾಗಿದೆ. ದೂರು ಬರೆದವರು ನಮ್ಮ ಜೊತೆ ಪ್ರವಾಸ ಬಂದಿರುವ ವಕೀಲರು. ಇದಕ್ಕೆಲ್ಲ ತಂಡದ ಹಿಂದೆ ಬರುವ ಹುಡುಗಿಯ ಬೇಜವಾಬ್ದಾರಿಯೇ ಕಾರಣವೆಂದು ಅದರಲ್ಲಿದೆ. ಈಗ ನನ್ನ ಗಂಡ ಸಿಕ್ಕಿದ್ದಾರೆ. ಆದರೆ ಆ ಹುಡುಗಿಯ ಮೇಲೆ ಕೇಸಾದರೆ ಅವಳ ಪರವಾನಗಿ ಹೋಗುತ್ತದೆ, ಕೆಲಸಕ್ಕೆ ಸೇರಿ ಇದು ಮೊದಲನೇ ಪ್ರವಾಸ ಎಂದು ತಿಳಿದುಬಂದದ್ದರಿಂದ, ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದೇನೆ.

ನನ್ನ ಗಂಡ ರೈಲ್ವೆ ಗೇಟ್‌ಮನ್ ಆಗಿ ನಿವೃತ್ತರಾದವರು. ಗೇಟು ಬಿಟ್ಟು ಹೋಗುವ ಹಾಗಿಲ್ಲವಾದ್ದರಿಂದ ಮದುವೆಯಾದಂದಿನಿಂದ ನಾವಿಬ್ಬರೂ ಒಟ್ಟಿಗೆ ಎಲ್ಲಿಗೂ ಹೋದವರಲ್ಲ. ನನ್ನ ತಂಗಿಯ ಮದುವೆಗೂ ನಾನೊಬ್ಬಳೇ ಹೋಗಿದ್ದೆ. ಅದಕ್ಕೇ ಹೆಣ್ಣುಮಕ್ಕಳಿಬ್ಬರೂ ಸೇರಿ ಈ ಸೈಕಲ್ ಪ್ರವಾಸಕ್ಕೆ ಕಳಿಸಿದರು. ನಾನು ಶಾಲೆಗೆ ಸೈಕಲ್ ತುಳಿದುಕೊಂಡು ಹೋದವಳು, ಅವರು ಡ್ಯೂಟಿಗೆ ತುಳಿದವರು, ಆದ್ದರಿಂದ ತೊಂದರೆಯಿರಲಿಲ್ಲ. ಹಳೇ ಕೋಟೆ, ಹಳೇ ಪೇಟೆ, ನಡುವೆ ಹೊಲ ತೋಟ ನೋಡಿಕೊಂಡು ದಿನಕ್ಕೊಂದು ಊರು ಸೇರುವುದು. ಸಾಮಾನು ವ್ಯಾನಿನಲ್ಲಿ ಬರುತ್ತದೆ. ಇಂದು ಐದನೇ ದಿನ.

ತಂಡ ಸಾಗುವ ಕ್ರಮ ಹೀಗಿದೆ. ಗೈಡ್ ಮುಂದೆ ಇರುತ್ತಾರೆ. ತಿರುವು ಬಂದಾಗ ಅವರ ಬೆನ್ನಿಗಿರುವವರು ಅಲ್ಲಿ ಇಳಿದು ನಿಂತು, ಹಿಂದಿನವರಿಗೆಲ್ಲ ದಾರಿ ತೋರಿಸಬೇಕು. ಎಲ್ಲರಿಗಿಂತ ಕೊನೆಗೆ ಹಳದಿ ಜಾಕೆಟ್ ತೊಟ್ಟ ಹುಡುಗಿ ಬರುತ್ತಾಳೆ. ಅವಳು ಬಂದ ಮೇಲೆಯೇ ನಿಂತವರು ಜಾಗ ಬಿಡಬೇಕು. ಇದನ್ನು ಗೈಡ್ ಮೊದಲ ದಿನ ಹೇಳಿದಾಗ ನನ್ನ ಗಂಡನ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ. ಅಂದಿನಿಂದ ಅವರು ಗೈಡಿನ ಬೆನ್ನು ಬಿಟ್ಟವರಲ್ಲ. ನನ್ನ ಚೀಲದಲ್ಲಿದ್ದ ಹಸಿರು ಲೈನಿಂಗ್ ಬಟ್ಟೆಯ ತುಂಡು ಕೇಳಿ ಪಡೆದು, ತಿರುವಿನಲ್ಲಿ ಅದನ್ನು ಚಾಚಿ ಹಿಡಿಯುತ್ತಿದ್ದರು. ಅಲ್ರೀ, ಕೋಟೆ ನೋಡೋಕೆ ಬಂದಿರೋ, ಕಾವಲು ಕಾಯೋಕೆ ಬಂದಿರೋ ಎಂದು ನಾನು ಕೇಳಿದ್ದಕ್ಕೆ, ಕೋಟೆ ಎಲ್ಲಿಗೂ ಹೋಗಲ್ಲ ಬಿಡು, ಜನ ದಾರಿ ತಪ್ಪಬಾರದು ನೋಡು ಎಂದರು. ತಂಡದವರು ಅವರಿಗೆ ಗೇಟಪ್ಪ ಎಂದು ಹೆಸರಿಟ್ಟು, ನನ್ನನ್ನು ಗೇಟಕ್ಕ ಎಂದರು. ನಮ್ಮೂರಿನಲ್ಲೂ ನನಗೆ ಇದೇ ಹೆಸರಿದ್ದದ್ದು ಅವರಿಗೆ ಗೊತ್ತಿರಲಿಲ್ಲ.

ಇಂದು ಮಧ್ಯಾಹ್ನ ಎರಡು ಗಂಟೆ ಸುಮಾರಿಗೆ ನಾನು ಕಲ್ಲುಸೇತುವೆಯ ಹತ್ತಿರ ಒಂದು ಚಿಕ್ಕ ಗುಡಿ ಕಂಡು ಇಳಿದೆ. ಯಾವ ದೇವರೆಂದು ಗೊತ್ತಿಲ್ಲ, ಬಾಗಿಲು ಹಾಕಿತ್ತು. ದೇವರು ಯಾರಾದರೇನು, ಹೊರಗಿನಿಂದಲೇ ಕೈ ಮುಗಿದೆ. ದಾರಿಯುದ್ದಕ್ಕೂ ನಾನು ಹೀಗೆ ಇಳಿಯುತ್ತಿದ್ದರಿಂದ ಯಾವಾಗಲೂ ಎಲ್ಲರಿಗಿಂತ ಹಿಂದೆ ಬೀಳುತ್ತಿದ್ದೆ, ಆ ಹುಡುಗಿ ಒಂದು ದಿನವೂ ಬೇಸರಿಸಿದವಳಲ್ಲ. ಅಮ್ಮಾ, ನನ್ನ ಹೆಸರಲ್ಲೂ ಒಂದು ನಮಸ್ಕಾರ ಹಾಕಿಬಿಡಿ, ನಾನು ಸೈಕಲ್ ಹಿಡಿದಿರುತ್ತೇನೆ ಎನ್ನುತ್ತಿದ್ದಳು. ಮತ್ತೆ ಹತ್ತಿ ನೂರು ಗಜ ಹೋಗುವುದರೊಳಗೆ ನನ್ನ ಸೈಕಲ್ಲಿನ ಚೈನು ತುಂಡಾಯಿತು. ಅವಳು ಕೈಯೆಲ್ಲ ಕರಿ ಮಾಡಿಕೊಂಡು ನೋಡಿದಳು, ಆಗಲಿಲ್ಲ. ಫೋನ್ ಮಾಡಿದ್ದಕ್ಕೆ ಗೈಡ್ ವ್ಯಾನು ಕಳಿಸಿದರು. ಡ್ರೈವರು ನಮ್ಮಿಬ್ಬರನ್ನೂ ಸೈಕಲ್ಲುಗಳನ್ನೂ ಹೇರಿಕೊಂಡು ಹೆದ್ದಾರಿಯಲ್ಲಿ ನೇರವಾಗಿ ಲಾಡ್ಜಿಗೆ ತಂದು ಬಿಟ್ಟರು. ಹಾಗಾಗಿ ಹಳದಿ ಜಾಕೆಟ್ ಹೊಲದ ದಾರಿಯಲ್ಲಿ ಹೋಗಲೇ ಇಲ್ಲ.

ಹೆಂಡತಿ ವ್ಯಾನು ಹತ್ತಿದ ಮೇಲೆ ಗಂಡನೂ ಹತ್ತಿರುತ್ತಾರೆಂದು ಗೈಡ್ ತಿಳಿದರು. ಗೈಡ್ ಕರೆದುಕೊಂಡು ಹೋಗಿರುತ್ತಾರೆಂದು ಹುಡುಗಿ ತಿಳಿದಳು. ಯಾವ ಊರಿಗೆ ಹೋದರೂ ಮೊದಲು ರೈಲ್ವೆ ಸ್ಟೇಷನ್ ನೋಡಿಬರುವುದು ನನ್ನ ಗಂಡನ ಅಭ್ಯಾಸ, ಅಲ್ಲಿಗೇ ಹೋಗಿರುತ್ತಾರೆಂದು ನಾನು ತಿಳಿದೆ. ತಪ್ಪೆಂದರೆ ಮೂವರದೂ ಹೌದು. ಅವರ ಫೋನು ನನ್ನ ಚೀಲದಲ್ಲಿತ್ತು. ಡ್ಯೂಟಿಯಲ್ಲಿ ಫೋನ್ ಹಿಡಿಯಬಾರದೆಂದು ಬೆಳಿಗ್ಗೆಯೇ ಕೊಟ್ಟಿದ್ದರು. ಮಧ್ಯಾಹ್ನದ ಬಿ.ಪಿ. ಮಾತ್ರೆಯೂ ನನ್ನ ಹತ್ತಿರವೇ ಉಳಿದಿತ್ತು.

ಐದು ಗಂಟೆಗೆ ನಾನು ಕೆಳಗೆ ಬಂದು ನಮ್ಮವರು ಎಲ್ಲಿ ಎಂದು ಕೇಳಿದೆ. ಹುಡುಗಿಯ ಮುಖ ಬಿಳಿಚಿತು. ಕೂಡಲೇ ಸೈಕಲ್ ತೆಗೆದಳು. ವಕೀಲರು ಅಡ್ಡ ನಿಂತು, ಒಬ್ಬರನ್ನು ಕಳೆದದ್ದು ಸಾಲದೆ ನೀನೂ ಕಳೆದುಹೋಗಬೇಡ, ಮೊದಲು ಠಾಣೆಗೆ ನಡಿ ಎಂದು ಗದರಿದರು. ವಕೀಲರು ಕೆಟ್ಟವರಲ್ಲ. ನಿನ್ನೆ ಏರುದಾರಿಯಲ್ಲಿ ನನ್ನ ನೀರಿನ ಬಾಟಲಿಯನ್ನೂ ಅವರೇ ಹೊತ್ತಿದ್ದರು. ಗಾಬರಿಯಲ್ಲಿ ಅವರಿಗೆ ಕಾನೂನು ನೆನಪಾಗುತ್ತದೆ, ನನಗೆ ದೇವರು ನೆನಪಾಗುತ್ತಾನೆ, ಅಷ್ಟೇ.

ಗೈಡ್ ನನ್ನ ಗಂಡನನ್ನು ಇಟ್ಟಿಗೆ ಗೂಡಿನ ತಿರುವಿನಲ್ಲಿ ನಿಲ್ಲಿಸಿದ್ದಾಗಿ ಹೇಳಿದ ಮೇಲೆ ತಾವು ಇಬ್ಬರು ಪೇದೆಗಳನ್ನು ಜೀಪಿನಲ್ಲಿ ಕಳಿಸಿದಿರಿ. ಅದು ಠಾಣೆಯಿಂದ ಒಂಬತ್ತು ಕಿಲೋಮೀಟರು. ಆರು ಗಂಟೆಗೆ ಪೇದೆಯವರು ಫೋನ್ ಮಾಡಿ, ಮನುಷ್ಯ ಸಿಕ್ಕಿದ್ದಾರೆ, ಚೆನ್ನಾಗಿದ್ದಾರೆ, ಆದರೆ ಬರುವುದಿಲ್ಲ ಎನ್ನುತ್ತಿದ್ದಾರೆ ಎಂದರು. ನಾನು ಕುಳಿತಲ್ಲೇ ದೇವರಿಗೆ ಕೈ ಮುಗಿದೆ. ಆಮೇಲೆ ಸಿಟ್ಟು ಬಂತು.

ಏಕೆ ಬರುವುದಿಲ್ಲ ಎಂಬುದಕ್ಕೆ ಅವರು ಪೇದೆಗಳಿಗೆ ಹೇಳಿದ್ದು ಇಷ್ಟು. ರೈಲಿನ ಕೊನೆಯ ಬೋಗಿಯ ಹಿಂದೆ ಒಂದು ಗುರುತಿನ ಹಲಗೆ ಇರುತ್ತದೆ. ಅದು ಕಣ್ಣಿಗೆ ಬೀಳುವ ತನಕ ಗೇಟು ತೆಗೆಯಬಾರದು. ಕಾಣಲಿಲ್ಲವೆಂದರೆ ಬೋಗಿ ಕಳಚಿ ಹಿಂದೆಯೇ ಹಳಿಯ ಮೇಲೆ ಉಳಿದಿದೆ ಎಂದರ್ಥ. ಹಳದಿ ಜಾಕೆಟ್ ಬಂದಿಲ್ಲ, ಅಂದರೆ ಹಿಂದೆ ಯಾರೋ ಉಳಿದಿದ್ದಾರೆ. ಪೊಲೀಸರಿಗೆ ಅವರು ಕುಳಿತುಕೊಳ್ಳಲು ಇಟ್ಟಿಗೆ ಜೋಡಿಸಿ ಕೊಟ್ಟರಂತೆ, ನನ್ನ ಗಂಡ ಮಾತ್ರ ಕುಳಿತಿಲ್ಲವಂತೆ.

ನಾನು ಫೋನ್ ಪಡೆದು, ಉಳಿದದ್ದು ನಾನೇ ಕಣ್ರೀ, ಸುಖವಾಗಿ ಬಂದು ಸೇರಿದ್ದೇನೆ, ಸಾಕು ಬನ್ನಿ ಎಂದೆ. ಅವರು ದೇವರು ದೊಡ್ಡವನು ಎಂದರು. ಆಮೇಲೆ, ಹಳದಿ ಜಾಕೆಟ್ಟಿನ ಆ ಮಗು ಎಲ್ಲಿ ಎಂದು ಕೇಳಿದರು. ಠಾಣೆಯಲ್ಲಿ ಕೂರಿಸಿದ್ದಾರೆ ಎಂದೆ. ಹಾಗಾದರೆ ಕೊನೆಯವಳು ಇನ್ನೂ ದಾಟಿಲ್ಲವಲ್ಲ ಎಂದರು.

ದೂರಿನಲ್ಲಿ ಹೆಸರಿರುವವಳನ್ನು ಹೊರಗೆ ಕಳಿಸಲಾಗದೆಂದು ತಾವು ಹೇಳಿದಿರಿ. ಅದಕ್ಕೆ ನಾನು ಅವಳ ಮೈಮೇಲಿನ ಹಳದಿ ಜಾಕೆಟ್ ಬಿಚ್ಚಿಸಿ ಸೀರೆಯ ಮೇಲೆ ತೊಟ್ಟುಕೊಂಡೆ. ಅದಕ್ಕೆ ಗುಂಡಿ ಹಾಕಲು ಅವಳೇ ಸಹಾಯ ಮಾಡಿದಳು. ನನ್ನನ್ನೂ ಬೇರೊಂದು ಸೈಕಲ್ಲನ್ನೂ ಹೇರಿಕೊಂಡು ಹೊರಟ ಮತ್ತೊಂದು ಜೀಪಿನವರಿಗೆ, ತಿರುವಿಗಿಂತ ಹಿಂದೆಯೇ ಇಳಿಸಿ, ಎದುರಿನಿಂದ ಹೋದರೆ ಅವರು ಒಪ್ಪುವುದಿಲ್ಲ ಎಂದೆ. ಅವರು ನಕ್ಕರೂ ಸುತ್ತುಹಾಕಿ ಹೋಗಿ ಅಲ್ಲೇ ಇಳಿಸಿದರು.

ಆಗ ಆರೂ ಮುಕ್ಕಾಲು, ಬೆಳಕು ಇನ್ನೂ ಸ್ವಲ್ಪವಿತ್ತು. ನಾನು ತುಳಿದುಕೊಂಡು ಹೋದೆ. ಗೂಡಿನ ಪಕ್ಕದಲ್ಲಿ ಅವರು ಬೆನ್ನು ನೆಟ್ಟಗೆ ಮಾಡಿ ಹಸಿರು ಬಟ್ಟೆ ಚಾಚಿ ನಿಂತಿದ್ದರು. ನಮ್ಮ ಕ್ವಾರ್ಟರ್ಸಿನ ಅಡುಗೆಮನೆ ಕಿಟಕಿಯಿಂದ ನಾನು ದಿನಾ ನೋಡಿದ್ದು ಅವರ ಬೆನ್ನನ್ನು. ಬರುವ ರೈಲಿಗೆ ಅವರ ಮುಖ ಹೇಗೆ ಕಾಣುತ್ತದೆಂದು ಇಂದೇ ನೋಡಿದ್ದು.

ನಾನು ಇಳಿದು ಮಾತ್ರೆ ಕೊಟ್ಟೆ. ನುಂಗಿದರು. ಜಾಕೆಟ್ ನೋಡಿ, ಹಲಗೆ ಬಂತು ಸರಿ, ಬೋಗಿ ಎಲ್ಲಿ ಎಂದರು. ಬೋಗಿ ಠಾಣೆಯಲ್ಲಿದೆ, ನಡೀರಿ ಹೋಗಿ ಬಿಡಿಸಿಕೊಂಡು ಬರೋಣ ಎಂದೆ. ಅದಕ್ಕೆ ಒಪ್ಪಿ ಜೀಪು ಹತ್ತಿದರು. ದಾರಿಯಲ್ಲಿ, ನಿನಗೆ ಹಳದಿ ಒಪ್ಪುತ್ತದೆ ಎಂದೂ ಹೇಳಿದರು. ಇದು ಕೇಸಿಗೆ ಸಂಬಂಧಿಸಿದ್ದಲ್ಲ, ಬೇಡವೆಂದರೆ ಹೊಡೆದುಹಾಕಬಹುದು.

ಆ ಹುಡುಗಿ ನನ್ನ ಜೊತೆ ಉಳಿದದ್ದರಿಂದಲೇ ಆ ತಿರುವಿಗೆ ಬರಲಾಗಲಿಲ್ಲ. ಕೊನೆಯವರನ್ನು ಬಿಟ್ಟು ಬರಬಾರದೆಂಬುದು ಅವಳ ಕೆಲಸ, ಅದನ್ನೇ ಮಾಡಿದ್ದಾಳೆ. ಅವಳ ಮೇಲಾಗಲಿ ಬೇರೆ ಯಾರ ಮೇಲಾಗಲಿ ನನ್ನದು, ನನ್ನ ಗಂಡನದು ಯಾವ ದೂರೂ ಇಲ್ಲ. ವಕೀಲರೂ ತಮ್ಮ ದೂರನ್ನು ಹಿಂದಕ್ಕೆ ಪಡೆಯುವುದಾಗಿ ನನ್ನೆದುರು ಹೇಳಿದ್ದಾರೆ, ಕಾಗದ ಕೇಳಿದ್ದಾರೆ.

ನಾನು ಇದನ್ನು ಬರೆಸುತ್ತಿರುವಷ್ಟು ಹೊತ್ತೂ ನನ್ನ ಗಂಡ ಠಾಣೆಯ ಬಾಗಿಲ ಹೊರಗೆ ಹಸಿರು ಬಟ್ಟೆ ಹಿಡಿದು ನಿಂತಿದ್ದಾರೆ. ಕುರ್ಚಿ ಕೊಟ್ಟರೂ ಕುಳಿತಿಲ್ಲ, ಚಹಾ ಕೊಟ್ಟರೂ ಕುಡಿದಿಲ್ಲ. ಆ ಮಗು ಹೊಸ್ತಿಲು ದಾಟುವ ತನಕ ಅವರು ಕದಲುವವರಲ್ಲ, ಇದನ್ನು ಅವರ ಹೆಂಡತಿಯಾಗಿ ನಾನು ಖಚಿತವಾಗಿ ಹೇಳಬಲ್ಲೆ. ಜಾಕೆಟನ್ನು ಅವಳಿಗೆ ಹಿಂದಿರುಗಿಸಿದ್ದೇನೆ. ದಯಮಾಡಿ ಅವಳನ್ನು ಬೇಗ ಕಳಿಸಿಕೊಡಬೇಕು, ಅವರು ಮಧ್ಯಾಹ್ನದಿಂದ ಊಟ ಮಾಡಿಲ್ಲ.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ದೇವರ ಮೇಲೆ ಭಾರ ಹಾಕಿ ಹೇಳುತ್ತೇನೆ, ನಾನು ಹೇಳಿದಂತೆಯೇ ಇದೆ, ಸೇರಿಸಿದ್ದಿಲ್ಲ, ಬಿಟ್ಟದ್ದಿಲ್ಲ.

ಸ್ಥಳ: ಠಾಣೆಯ ಒಳಕೋಣೆ
ದಿನ: ಪ್ರವಾಸದ ಐದನೇ ದಿನ, ಸಂಜೆ ಏಳೂವರೆ

ಸಹಿ
(ಗೇಟಕ್ಕ)