ಚಿರತೆಯ ನೋಟ

ಮಳೆ ನಿಲ್ಲಲೆಂದು ವಸ್ತುಸಂಗ್ರಹಾಲಯದ ಹಜಾರದಲ್ಲಿ ಕೂತಿದ್ದೆ. ಪಕ್ಕದ ಬೆಂಚಿನಲ್ಲಿ ಇಬ್ಬರಿದ್ದರು. ಒಬ್ಬಾಕೆ ಸತ್ತ ಪ್ರಾಣಿಗಳ ಚರ್ಮ ಹದಮಾಡಿ, ಜೀವಂತವಿದ್ದ ಹಾಗೆ ನಿಲ್ಲಿಸುವವಳು. ಇನ್ನೊಬ್ಬ ಮೃಗಾಲಯದ ಮುದುಕ. ಕೆಲವು ತಿಂಗಳ ಹಿಂದೆ ಸತ್ತ ಚಿರತೆಯನ್ನು ಮರಿಯಿಂದ ಸಾಕಿದವನು.

“ಮೂಳೆ, ಸ್ನಾಯು ಎಲ್ಲಾ ಅಳತೆ ಪ್ರಕಾರವೇ ಅಚ್ಚು ಮಾಡಿದ್ದೀನಿ ಯಜಮಾನ್ರೇ. ಆದ್ರೂ ಬೇರೆ ಯಾವುದೋ ಚಿರತೆ ಅನ್ನಿಸ್ತಿದೆ.”

“ಕತ್ತು ಎತ್ತಿಬಿಟ್ಟಿದ್ದೀರಲ್ಲ ಮೇಡಂ. ಅವಳು ಹಾಗೆ ಸೆಟೆದು ನಿಂತವಳೇ ಅಲ್ಲ. ಹೆಜ್ಜೆ ಸದ್ದು ಕೇಳಿದ್ರೆ ಸಾಕು, ತಲೆ ತಗ್ಗಿಸಿ ಬಾಗಿಲ ಕಡೆ ನೋಡ್ತಿದ್ಳು.”

“ಯಾರು ಬಂದ್ರು ಅಂತಾನಾ?”

“ನಾನು ಬಂದೆ ಅಂತ. ಅವಳಿಗೆ ಇನ್ಯಾರಿದ್ರು?”

“ನಿಮ್ಮ ಮನೇಲಿ?”

“ನಮ್ಮನೇಲಿ ಬಾಗಿಲು ನೋಡೋರು ಯಾರೂ ಇಲ್ಲ ಮೇಡಂ.”



“ತಲೆ ತಗ್ಗಿಸಿದ್ರೆ ಚಿರತೆಗೆ ಗತ್ತೇ ಇರಲ್ಲ ಅಂತಾರೆ ನಮ್ಮ ಸಾಹೇಬ್ರು.”

“ಹಾಗಾದ್ರೆ ಬಿಟ್ಬಿಡಿ. ನನ್ನೊಬ್ಬನಿಗೋಸ್ಕರ ಯಾಕೆ?”

“ಇಲ್ಲ, ತಗ್ಗಿಸ್ತೀನಿ. ಸಾಹೇಬ್ರಿಗೆ ನಾನು ಹೇಳ್ಕೋತೀನಿ. ಗಾಜಿನ ಕಣ್ಣು ಕೂರಿಸೋದು ಬಾಕಿ ಇದೆ. ನೀವು ಬಂದು ಬಾಗಿಲಲ್ಲಿ ನಿಂತ್ಕೋಬೇಕು. ನೋಟ ಎಲ್ಲಿಗೆ ಅಂತ ನಂಗೆ ಗೊತ್ತಾಗ್ಬೇಕಲ್ಲ.”

“ನನ್ನನ್ನೇ ನೋಡೋ ಹಾಗೆ ಮಾಡ್ತೀರಾ?”

“ನಿಮ್ಮನ್ನೇ.”

ಮುದುಕ ಎದ್ದ. ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡ, ಅಂಗೈಯಿಂದ ತಲೆಗೂದಲು ಒತ್ತಿಕೊಂಡ. ಆಮೇಲೆ ಅವಳ ಹಿಂದೆಯೇ ಒಳಗೆ ಹೋದ.