ಸ್ಥಾಪಕರು ಖುದ್ದಾಗಿ ಬರಬೇಕು

ಬರಲ್ಲ ಅಂದೆನಲ್ಲ! ಎಷ್ಟು ಸಲ ಹೇಳ್ಲಿ? ನಾಳೆ ವೀಸಾ ಮುಂದುವರಿಸೋಕೆ ಆ ವಲಸೆ ಕಚೇರಿಗೆ ಅರ್ಪೆನಿಕ್ ಬರಲ್ಲ. ನಾನು ಬರ್ತೀನಿ. ಗಂಡ ಅಲ್ವಾ ನಾನು? ಗಂಡ ಬಂದ್ರೆ ಸಾಲ್ದಾ?

ತಲೆ ಆಡಿಸ್ಬೇಡ ರಾಲಿತ್ಸಾ. ಇಷ್ಟು ವರ್ಷ ಆದ್ರೂ ನಿಮ್ಮ ಬಲ್ಗೇರಿಯಾದೋರು ತಲೆ ಆಡಿಸಿದ್ರೆ ಹೌದೋ ಅಲ್ಲವೋ ಗೊತ್ತಾಗಲ್ಲ ನಂಗೆ. ಬಾಯಲ್ಲಿ ಹೇಳು.

ಕಾಜನ್ಲಿಕ್ ಊರಿಗೆ ಹೋಗಿದ್ದಾಳೆ. ಜೇನು ಸಾಕೋರ ಹತ್ರ. ಫೋನಾ? ಕೆಟ್ಟಿದೆ. ಕೆಡಬಾರ್ದಾ ಫೋನು?

ಕೂಗ್ತಿಲ್ಲ ನಾನು! ಕೂಗದೆ ಇನ್ನೇನು ಮಾಡ್ಲಿ? ನಾವಿಬ್ರೂ ಆರ್ಮೇನಿಯಾದಿಂದ ಈ ಪ್ಲೋವ್ದಿವ್ ಊರಿಗೆ ಬಂದಾಗ ವೀಸಾ ಕಾಗದ ಮಾಡ್ದೋಳು ನೀನೇ. ರೊಟ್ಟಿ ಅಂಗಡಿ ಇಟ್ರೆ ಈ ವೀಸಾ ಇಲ್ಲ, ಎಲ್ಲೂ ಇಲ್ಲದ್ದು ತಂದು ಕಂಪನಿ ಕಟ್ಬೇಕು ಅಂದೋಳೂ ನೀನೇ. ತಂದ್ಲಲ್ಲ ಅರ್ಪೆನಿಕ್! ಜೇನುಗೂಡು ತೆರೀದೇನೆ, ಒಳಗಿನ ಸದ್ದು ಕೇಳಿ, ರಾಣಿ ಹುಳ ಇದೆಯೋ ಇಲ್ವೋ ಹೇಳೋ ಯಂತ್ರ. ತಲೆ ಅವಳ್ದು. ಅದಕ್ಕೆ ಮರದ ಪೆಟ್ಟಿಗೆ ಮಾಡಿದ್ದು ನಾನು. ಸರ್ಕಾರದ ದೊಡ್ಡೋರೆಲ್ಲ ಕೂತು ಕೇಳಿದ್ರು. ಮೆಚ್ಚಿದ್ರು. ಪರವಾನಗಿ ಕೊಟ್ರು. ಯಾರಿಗೆ? ಅವಳಿಗೆ. ನಾನು ಅವಳ ಬಾಲ. ಅವಳಿದ್ರೆ ನಾನು. ಅವಳಿಲ್ದಿದ್ರೆ ನಾನೂ ಗಂಟುಮೂಟೆ ಕಟ್ಬೇಕು.

ನಗ್ತೀಯಾ? ಇಲ್ಲ... ನಗ್ಲಿಲ್ಲ. ಸರಿ.

ಬೇರೆ ದಾರಿ ಹೇಳು ಅಂತ ಕರ್ದಿದ್ದು ನಿನ್ನ. ಕಂಪನಿ ನನ್ನ ಹೆಸ್ರಿಗೆ ಮಾಡು. ಏನು? ಮತ್ತೆ ಆ ದೊಡ್ಡೋರ ಮುಂದೆ ನಿಂತು ಯಂತ್ರ ವಿವರಿಸ್ಬೇಕಾ? ನಾನಾ? ಎಂಟನೇ ಕ್ಲಾಸು ದಾಟ್ಲಿಲ್ಲ ಕಣಮ್ಮಾ ನಾನು. ಕೆಲಸದ ವೀಸಾ? ಊರಿಗೆ ಹೋಗಿ ಅರ್ಜಿ ಹಾಕಿ ಕಾಯೋದಾ? ಹೋದೋನನ್ನ ಮತ್ತೆ ಒಳಗೆ ಬಿಡ್ತಾರಾ? ಲಿಥುವೇನಿಯಾ ದೇಶದ ವೀಸಾನಾ? ಲಿಥುವೇನಿಯಾ ಯಾರಿಗೆ ಬೇಕು! ಪೋರ್ಚುಗಲ್ ಯಾರಿಗೆ ಬೇಕು! ನಂಗೆ ಈ ಊರು ಬೇಕು. ಇದೇ ಊರು.

ಯಾಕೆ ಅಂತ ಕೇಳಲ್ವಾ?

ಅಲ್ಲ... ಬಂದಾಗಿಂದ ನೋಡ್ತಿದೀನಿ. ಯಾವಾಗ್ಲೂ ನೀನು ಮೆಟ್ಟಿಲು ಹತ್ತೋವಾಗ್ಲೇ ಅವಳನ್ನ ಕೂಗ್ತಿದ್ದೆ. ಇವತ್ತು ಕೂಗ್ಲಿಲ್ಲ. ಸ್ಥಾಪಕರು ಖುದ್ದಾಗಿ ಬರ್ಬೇಕು ಅಂದೆ, ಅಷ್ಟೇ. ಯಾವಾಗ ಬರ್ತಾಳೆ ಅಂತ ಒಂದ್ಸಲಾನೂ ಕೇಳ್ಲಿಲ್ಲ.

ಏನದು, ಚೀಲದಿಂದ ತೆಗೀತಿರೋದು? ಹೂವಾ? ಕೊಡಿಲ್ಲಿ.

...ನಾಲ್ಕು.

ನಾಲ್ಕು ತಂದಿದೀಯ. ನಿಮ್ಮಲ್ಲಿ ಬದುಕಿರೋರಿಗೆ ಮೂರು ಕೊಡ್ತಾರೆ. ಐದು ಕೊಡ್ತಾರೆ. ಜೋಡಿ ಲೆಕ್ಕದ ಹೂವು ಸತ್ತೋರಿಗೆ. ನಮ್ಮಲ್ಲೂ ಹಾಗೇನೆ.

ಯಾರು ಹೇಳಿದ್ರು? ಕೆಳಗಿನ ಮನೆ ಝಿವ್ಕಾ ಮುದುಕೀನಾ? ಯಾರಿಗೂ ಹೇಳ್ಬೇಡ ಅಂದಿದ್ದೆ ಅವಳಿಗೆ! ಬೇಡ್ಕೊಂಡಿದ್ದೆ!

ಅಂದ್ರೆ ಬರೋವಾಗ್ಲೇ ಗೊತ್ತಿತ್ತು ನಿಂಗೆ. ನಾನು ಬೊಗಳಿದ್ದೆಲ್ಲ ಕೇಳ್ಕೊಂಡೆ ನೀನು. ಬಯ್ಯಮ್ಮಾ. ಸುಳ್ಳ ಅನ್ನು. ಹಾಗೆ ನೋಡ್ಬೇಡ.

ಹೌದು. ಇಲ್ಲ ಅವಳು. ಕಾಫಿಗೆ ನೀರಿಟ್ಟಿದ್ಲು. ಹಾಗೇ ಕೂತ್ಲು, ಏಳ್ಲಿಲ್ಲ. ಅಷ್ಟೇ... ಅವಳಕ್ಕ ಬರ್ತೀನಿ ಅಂದ್ಲು. ವೀಸಾ ಸಿಗ್ಲಿಲ್ಲ. ನಾನು, ಮುದುಕಿ, ಪಾದ್ರಿ. ಮಣ್ಣಿಗೆ ಇದ್ದೋರು ಇಷ್ಟೇ ಜನ.

ಕಂಪನಿಗೋಸ್ಕರ ಸುಳ್ಳು ಹೇಳ್ದೆ ಅಂದ್ಕೊಂಡ್ಯಾ? ಸುಡ್ಲಿ ಕಂಪನಿ! ಮಣ್ಣು ಹೊಸದು ರಾಲಿತ್ಸಾ. ಮಳೆ ಬಿದ್ದಾಗೆಲ್ಲ ಕುಸಿಯುತ್ತೆ. ನಡುವೆ ಗುಂಡಿ ಬೀಳುತ್ತೆ, ಅವಳ ಎದೆ ಇರೋ ಕಡೇನೇ. ಹೋಗಿ ಬಕೆಟ್‌ನಲ್ಲಿ ಮಣ್ಣು ಹಾಕ್ತೀನಿ. ತಟ್ಟಿ ಬರ್ತೀನಿ. ಮತ್ತೆ ಕುಸಿಯುತ್ತೆ. ನನ್ನ ಊರಿಗೆ ಅಟ್ಟಿದ್ರೆ ಯಾರು ಹಾಕ್ತಾರೆ? ಹೇಳು, ಯಾರು ಹಾಕ್ತಾರೆ?

ಹೆಂಡ್ತಿ ಮೇಲೆ ಮಣ್ಣು ಹಾಕೋನಿಗೆ ಅಂತ ಯಾವ್ದಾದ್ರೂ ವೀಸಾ ಇದೆಯಾ ನಿಮ್ಮ ದೇಶದಲ್ಲಿ?

ಅಳ್ಬೇಡ. ಅತ್ರೆ ಏನು ಬಂತು... ಹುಡುಕಮ್ಮಾ. ಕೂತ್ಕೊಂಡು ಹುಡುಕು.