ಸಾಹುಕಾರ ಥ್ಯಾಂಕ್ಯೂ ಅಂದ ಕಾಲ

ನಯವಾದ ಮಾತಿನ ಬಗ್ಗೆ ಇಷ್ಟು ಹೊತ್ತು ಪ್ರವಚನ ಹೇಳಿದ್ದಾಯಿತು. ಹಿಂದಿನ ಸಾಲಿನಲ್ಲಿ ಕೆಲವರ ಕಣ್ಣು ಮುಚ್ಚುತ್ತಿವೆ. ಇರಲಿ, ಒಂದು ಕಥೆ ಕೇಳಿ. ನೋಡಿ, ಕಥೆ ಅಂದ ಕೂಡಲೇ ತೆರೆದವು!

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಎಣ್ಣೆ ಗಿರಣಿ, ಹತ್ತಿಯ ವಖಾರಿ, ಮೂರಂತಸ್ತಿನ ಮನೆ, ಮೂರೂ ಅಂತಸ್ತಿಗೆ ಕೇಳುವ ಗಂಟಲು. ಅವನ ಹೆಸರು ಬೇಡ. ಹೇಳಿದರೆ ನೀವು ಅಕ್ಕಪಕ್ಕ ನೋಡುತ್ತೀರಿ. ಹೆಂಡತಿಯ ಹೆಸರು ಮಾತ್ರ ಹೇಳಬೇಕು, ಏಕೆಂದರೆ ಮದುವೆಯಾದಾಗಿನಿಂದ ಗಂಡ ಆ ಹೆಸರು ಹಿಡಿದು ಕರೆದದ್ದೇ ಇಲ್ಲ. ಶಿವಗಂಗಾ. ಅವನ ಬಾಯಲ್ಲಿ ಅವಳು ಬರೀ ‘ಏ’. ‘ಏ, ಚಾ.’ ‘ಏ, ಟವೆಲ್.’ ಅವಳೂ ಅದಕ್ಕೆ ಒಗ್ಗಿಹೋಗಿದ್ದಳು. ಬೀದಿಯಲ್ಲಿ ಯಾರು ಯಾರನ್ನು ‘ಏ’ ಅಂದರೂ ತಿರುಗಿ ನೋಡುತ್ತಿದ್ದಳು.

ಎದುರು ಮನೆಯ ಕಿರಾಣಿ ವ್ಯಾಪಾರಿ ಸಮುದ್ರದಾಚೆಯ ಒಂದು ತಣ್ಣನೆಯ ದೇಶಕ್ಕೆ ಹೋಗಿ ನೆಲೆಸಿದ. ಹಿಮದಲ್ಲಿ ಮಂಗನ ಟೋಪಿ ಹಾಕಿಕೊಂಡು ನಿಂತ ಫೋಟೋ ಕಳಿಸಿದ. ಅಷ್ಟೇ ಸಾಕಾಯಿತು. ಸಾಹುಕಾರನಿಗೆ ಊಟ ರುಚಿಸಲಿಲ್ಲ. ಉಪ್ಪು ತೂಗುತ್ತಿದ್ದವನು ಹೋಗಬಹುದು, ನಾನು ಹೋಗಬಾರದೇ? ಶಿವಗಂಗಾಳ ತಮ್ಮ ಅದೇ ದೇಶದಲ್ಲಿ ಅಂಗಡಿ ಇಟ್ಟಿದ್ದ. ಅವನ ಜೊತೆ ಪಾಲುದಾರನಾಗಿ ಅಲ್ಲಿಯೇ ಇದ್ದುಬಿಡುವುದೆಂದು ತೀರ್ಮಾನವಾಯಿತು. ತೀರ್ಮಾನ ಅಂದರೆ ಸಾಹುಕಾರ ಹೇಳಿದ, ಉಳಿದವರು ಕೇಳಿದರು.

ವೀಸಾ ಅಂದರೆ ಸುಮ್ಮನೆ ಸಿಗುತ್ತದೆಯೇ? ನಗರದಲ್ಲಿ ಒಬ್ಬ ಏಜೆಂಟನನ್ನು ಹಿಡಿದರು. ಕೊರಳಿಗೆ ಟೈ ಕಟ್ಟಿದ, ತಾನು ಮಾತ್ರ ಎಲ್ಲಿಗೂ ಹೋಗದ ಮನುಷ್ಯ. ಅವನು ಸಾಹುಕಾರನ ದನಿ ಕೇಳಿಯೇ ಹೆದರಿದ. ಆ ದೇಶದವರು ಮೆಲ್ಲಗೆ ಮಾತಾಡುತ್ತಾರೆ, ಮಾತಿಗೊಂದು ಥ್ಯಾಂಕ್ಯೂ, ತಪ್ಪಿಗೊಂದು ಸಾರಿ, ಕೇಳುವಾಗೊಂದು ಪ್ಲೀಸ್ ಅನ್ನುತ್ತಾರೆ, ಸಾಲಿನಲ್ಲಿ ನಿಲ್ಲುತ್ತಾರೆ, ಕುಡಿದ ಕಪ್ಪನ್ನು ತಾವೇ ತೊಳೆಯುತ್ತಾರೆ, ಸಿಕ್ಕವರನ್ನೆಲ್ಲ ಹೇಗಿದ್ದೀರಿ ಅಂತ ಕೇಳುತ್ತಾರೆ ಎಂದು ಪಾಠ ಹೇಳಿದ. ನಾಲಿಗೆಗೆ ರೂಢಿಯಿಲ್ಲದ ಮಾತು ಸಂದರ್ಶನದ ದಿನ ಬಾ ಅಂದರೆ ಬರುವುದಿಲ್ಲ, ಮನೆಯಲ್ಲೇ ಶುರು ಮಾಡಿ ಎಂದೂ ಅಂದ.

ಮರುದಿನ ಬೆಳಿಗ್ಗೆ ಶಿವಗಂಗಾ ಚಹಾ ತಂದಿಟ್ಟಳು. ಸಾಹುಕಾರ ಕೆಮ್ಮಿ, ಗಂಟಲು ಸರಿಮಾಡಿಕೊಂಡು, “ಥ್ಯಾಂಕ್ಯೂ” ಅಂದ.

ಅವಳು ಏನು ಮಾಡಿರಬಹುದು ಹೇಳಿ? ಹಿಂದೆ ಯಾರು ಬಂದರೆಂದು ತಿರುಗಿ ನೋಡಿದಳು.

ಯಾರೂ ಇರಲಿಲ್ಲ. ಆಮೇಲೆ ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರವೂ ಇರಲಿಲ್ಲ.

ಅಡುಗೆಯ ಫಕೀರವ್ವನ ಪಾಡು ಇನ್ನೂ ಕಷ್ಟ. “ಇನ್ನೊಂದು ರೊಟ್ಟಿ, ಪ್ಲೀಸ್” ಎಂದು ಸಾಹುಕಾರ ಮೆಲ್ಲನೆಯ ದನಿಯಲ್ಲಿ ಕೇಳಿದ್ದೇ ತಡ, ಅವಳು ಒಳಗೆ ಹೋಗಿ ಸೆರಗು ಬಾಯಿಗೆ ಹಿಡಿದು ಅತ್ತಳು. “ಅವ್ವಾರ, ನನ್ನಿಂದ ಏನ್ ತಪ್ಪಾತು? ಕೆಲಸದಿಂದ ಬಿಡಸೂದಿದ್ರ ಬಾಯಿ ಬಿಟ್ಟು ಹೇಳ್ರಿ. ಹಿಂಗ ಮೆತ್ತಗ ಮಾತಾಡಿ ಜೀವಾ ತಗೀಬ್ಯಾಡ್ರಿ.” ಅದನ್ನು ಕೇಳಿಸಿಕೊಂಡ ಸಾಹುಕಾರ ಅಡುಗೆಮನೆಯ ಬಾಗಿಲಿಗೆ ಬಂದು ಸಾರಿ ಅಂದ. ಫಕೀರವ್ವ ಹಿಟ್ಟಿನ ಡಬ್ಬಿ ಹಿಡಿದುಕೊಂಡು ಕೂತುಬಿಟ್ಟಳು.

ಇನ್ನು ಸಾಲಿನ ಅಭ್ಯಾಸ. ಮಠದ ದಾಸೋಹದಲ್ಲಿ ಸಾಹುಕಾರ ಹೋಗಿ ಸಾಲಿನ ಕೊನೆಗೆ ನಿಂತ. ಸಾಹುಕಾರನ ಮುಂದೆ ನಿಲ್ಲುವ ಧೈರ್ಯ ಯಾರಿಗಿದೆ? ಅವನ ಮುಂದಿದ್ದವನು ನಮಸ್ಕಾರ ಮಾಡಿ ಅವನ ಹಿಂದೆ ಬಂದ. ಸಾಹುಕಾರ ಅವನ ಹಿಂದೆ ಹೋದ. ಅವನಿಗಿಂತ ಮುಂದಿದ್ದವನೂ ಹಿಂದೆ ಬಂದ. ಸಾಹುಕಾರ ಮತ್ತೆ ಹಿಂದೆ ಸರಿದ. ಹೀಗೆ ಸರಿದು ಸರಿದು, ಅನ್ನದ ಕಡೆ ಹೋಗಬೇಕಾದ ಸಾಲು ಮಠದ ಬಾಗಿಲು ದಾಟಿ, ಚಪ್ಪಲಿ ಬಿಡುವ ಕಟ್ಟೆ ದಾಟಿ, ಬಸ್ ನಿಲ್ದಾಣದ ಕಡೆ ಹೊರಟಿತು. ಒಳಗೆ ಬಡಿಸುವವರು ಸೌಟು ಹಿಡಿದು ಕಾದರು. ನಗುತ್ತೀರಾ? ನಗಿ, ನಗಿ. ಆಮೇಲೆ ಲೆಕ್ಕ ಕೇಳುತ್ತೇನೆ.

ಆದರೆ ಶಿವಗಂಗಾ ನಗಲಿಲ್ಲ. ಅವಳು ಗಂಡನನ್ನು ಗಮನಿಸುತ್ತಿದ್ದಳು, ಒಲೆಯ ಮೇಲಿಟ್ಟ ಹಾಲನ್ನು ಗಮನಿಸುವ ಹಾಗೆ. ಈಗ ಉಕ್ಕೀತು, ಈಗ ಉಕ್ಕೀತು ಎಂದು ಕಾದಳು. ಉಕ್ಕಲಿಲ್ಲ. ಒಂದು ಸಂಜೆ ಅವನು ಪಾಠ ಒಪ್ಪಿಸುವವನಂತೆ ನೆಟ್ಟಗೆ ಕುಳಿತು, “ಆರಾಮ ಅದಿಯೇನು?” ಅಂತ ಕೇಳಿದ. ಕೇಳುವುದನ್ನು ಏಜೆಂಟ ಕಲಿಸಿದ್ದ. ಉತ್ತರ ಎಷ್ಟು ಉದ್ದ ಇರುತ್ತದೆ ಅನ್ನುವುದನ್ನು ಕಲಿಸಿರಲಿಲ್ಲ. ಶಿವಗಂಗಾ ಶುರು ಮಾಡಿದಳು. ಮಂಡಿ ನೋವು, ಮಗ್ಗುಲಾದರೆ ತಿರುಗುವ ತಲೆ, ಸತ್ತ ಅಕ್ಕನನ್ನು ಕೊನೆಗೆ ಒಮ್ಮೆ ನೋಡಲಾಗದೆ ಹೋದ ಸಂಕಟ, ಮದುವೆಯ ವರ್ಷ ಯಾರಿಗೂ ಹೇಳದೆ ನುಂಗಿಕೊಂಡ ಒಂದು ಮಾತು. ಎದ್ದುಹೋದರೆ ಅಭ್ಯಾಸ ಕೆಡುತ್ತದೆಂದು ಸಾಹುಕಾರ ಪೂರ್ತಿ ಕೇಳಿದ. ಎದ್ದ ಮೇಲೆ ಕಪ್ಪು ತೊಳೆದಿಟ್ಟ. ಹಿಡಿಕೆ ಮುರಿಯಿತು, ಅದು ಬೇರೆ ಮಾತು.

ಅಂದಿನಿಂದ ಅವಳು ದೇವರ ಮುಂದೆ ಎರಡು ಬತ್ತಿ ಹೆಚ್ಚಿಗೆ ಹಚ್ಚತೊಡಗಿದಳು. ವೀಸಾ ಸಿಗಲೆಂದು ಎಷ್ಟು ಭಕ್ತಿ ನೋಡಿ ಎಂದು ಓಣಿಯವರು ಮೆಚ್ಚಿದರು. ಅವಳು ಬೇಡುತ್ತಿದ್ದದ್ದೇ ಬೇರೆ. ‘ತಂದೇ, ಕೊಡತೀವಿ ಅನ್ನೂದೂ ಬ್ಯಾಡ, ಕೊಡಂಗಿಲ್ಲ ಅನ್ನೂದೂ ಬ್ಯಾಡ. ಹಿಂಗ ತಡಾ ಆಗ್ತಾ ಇರ್ಲಿ.’ ಸಿಕ್ಕರೆ ಅಭ್ಯಾಸ ಮುಗಿಯಿತು, ಸಿಗದಿದ್ದರೂ ಮುಗಿಯಿತು. ಒಳ್ಳೆಯ ಗಂಡ ಅವಳಿಗಿದ್ದದ್ದು ವೀಸಾ ತಡವಾದಷ್ಟು ದಿನ ಮಾತ್ರ. ಅವಳಿಗೆ ಅದು ಗೊತ್ತಿತ್ತು.

ಸಂದರ್ಶನ ಮುಗಿಯಿತು. ಕೆಲವು ವಾರ ಕಳೆದ ಮೇಲೆ ಏಜೆಂಟನ ಫೋನು ಬಂತು. ವೀಸಾ ಇಲ್ಲ ಎಂದನು. ಸಾಹುಕಾರ ರೂಢಿಯ ಬಲದಿಂದ ಥ್ಯಾಂಕ್ಯೂ ಅಂದ. ಆಮೇಲೆ ಅರ್ಥವಾಗಿ ಫೋನನ್ನು ಗಾದಿಯ ಮೇಲೆ ಒಗೆದ.

ಮರುದಿನ ಬೆಳಿಗ್ಗೆ ಮೂರೂ ಅಂತಸ್ತು ನಡುಗಿದವು. “ಏ! ಚಾ ಎಲ್ಲಿ ಸತ್ತಿತು?”

ಅಡುಗೆಮನೆಯಲ್ಲಿ ಫಕೀರವ್ವ ಎರಡೂ ಕೈ ಎತ್ತಿ ಮುಗಿದಳು. “ಸದ್ಯ, ಸಾವ್ಕಾರ್ರಿಗೆ ಗುಣಾ ಆತು.”

ಶಿವಗಂಗಾ ಚಹಾ ಹಿಡಿದು ಬಂದಳು. ಗಂಡನ ಮುಂದೆ ನಿಂತಳು. ಕಪ್ಪನ್ನು ಕೆಳಗಿಡಲಿಲ್ಲ. ಇಡು ಅಂದ. ಇಡಲಿಲ್ಲ.

“ವೀಸಾ ಕೊಡಂಗಿಲ್ಲ ಅಂದವರು ಆ ದೇಶದವರು” ಅಂದಳು. “ನಾ ಅಂದಿಲ್ಲ.”

ಹೋಗುವುದೇ ಇಲ್ಲವೆಂದ ಮೇಲೆ ಆ ಮಾತುಗಳೆಲ್ಲ ಯಾಕೆ ಬೇಕು ಎಂದು ಅವನು ಗೊಣಗಿದ.

“ಗುರುತಿಲ್ಲದ ಮಂದಿ ಸಲುವಾಗಿ ನನ್ನ ಮ್ಯಾಲೆ ರೂಢಿ ಮಾಡಿದ್ರಿ. ಇಷ್ಟು ದಿನಾ ನಾನ ಆ ದೇಶ ಆಗಿದ್ದೆ. ಛಲೋ ಇತ್ರೀ. ಇನ್ನ ಅಲ್ಲೇ ಇರ್ಬೇಕಂತ ಮಾಡೇನಿ. ನೀವು ಬರೂದು ಬಿಡೂದು ನಿಮಗ ಬಿಟ್ಟದ್ದು.”

ಚಹಾದ ಮೇಲೆ ಕೆನೆ ಕಟ್ಟಿತು. ಸಾಹುಕಾರ ಅವಳ ಮುಖ ನೋಡಿದ, ಕಪ್ಪು ನೋಡಿದ, ಗೋಡೆ ನೋಡಿದ. ಕೊನೆಗೆ ತಾನೇ ಎದ್ದು ಅವಳ ಕೈಯಿಂದ ಕಪ್ಪು ತೆಗೆದುಕೊಂಡ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದ. ಬಚ್ಚಲಿಗೆ ಹೋಗಿ ತೊಳೆದ. ತಿರುಗಿ ಬಂದವನು ಫಕೀರವ್ವನಿಗೆ ಕೇಳಿಸದಂತೆ, ಕಳ್ಳನ ಹಾಗೆ ದನಿ ತಗ್ಗಿಸಿ ಕೇಳಿದ, “ಶಿವಗಂಗಾ, ಆರಾಮ ಅದಿಯೇನು?”

ಅವಳು ಅವನ ಕಡೆಗೊಂದು ಸ್ಟೂಲು ಎಳೆದಳು. “ಕೂಡ್ರಿ, ಹೇಳ್ತೀನಿ.”

ಹಿತ್ತಲ ಬಾಗಿಲಿನಿಂದ ಇಣುಕಿದ ಫಕೀರವ್ವ ಹಣೆ ಚಚ್ಚಿಕೊಂಡಳು. ಗುಣವಾಗಿದ್ದ ಜಡ್ಡು ತಿರುಗಿ ಬಂದಿತ್ತು.

ಕಥೆ ಮುಗಿಯಿತು. ಈಗ ಲೆಕ್ಕ. ಸಾಹುಕಾರನನ್ನು ನೋಡಿ ನಕ್ಕಿರಲ್ಲ, ಬ್ಯಾಂಕಿನ ಮ್ಯಾನೇಜರನ ಮುಂದೆ ನಿಮ್ಮ ದನಿ ಹೇಗಿರುತ್ತದೆ? ಮನೆಯ ಹೊಸ್ತಿಲು ದಾಟಿದ ಮೇಲೆ ಹೇಗಾಗುತ್ತದೆ? ಅತಿಥಿ ಬಂದರೆ ಗಾಜಿನ ಲೋಟ ಕೆಳಗಿಳಿಯುತ್ತದೆ. ದಿನವೂ ಬೇಯಿಸಿ ಹಾಕುವವಳಿಗೆ ನೆಗ್ಗಿದ ಲೋಟ. ತಾಯಂದಿರೇ, ನೀವೂ ತಪ್ಪಿಸಿಕೊಳ್ಳಬೇಡಿ. ಫೋನಿನಲ್ಲಿ ಬೀಗಿತ್ತಿಯ ಹತ್ತಿರ ಬೆಲ್ಲ, ಫೋನಿಟ್ಟ ಕೂಡಲೇ ಸೊಸೆಯ ಹತ್ತಿರ ಮೆಣಸಿನಕಾಯಿ. ಇದು ಯಾವ ದೇಶದ ನ್ಯಾಯ? ಒಳ್ಳೆಯ ಮಾತು ನಮ್ಮಲ್ಲಿ ಇಲ್ಲವೆಂದಲ್ಲ, ನೋಡಿ. ಇದೆ. ಹೊರಗಿನವರಿಗಾಗಿ ಎತ್ತಿಟ್ಟಿದ್ದೇವೆ.

ನಾವೆಲ್ಲರೂ ಒಂದು ದಿನ ಹೊರಡಬೇಕಾದ ದೇಶವೊಂದಿದೆ. ಅಲ್ಲಿಗೆ ಏಜೆಂಟರಿಲ್ಲ. ಅದರ ಸಂದರ್ಶನ ನಡೆಯುವುದು ನಿಮ್ಮ ಅಡುಗೆಮನೆಯಲ್ಲಿ. ದಿನವೂ ನಡೆಯುತ್ತಿದೆ. ನಿಮಗೆ ಗೊತ್ತಾಗುತ್ತಿಲ್ಲ, ಅಷ್ಟೇ.

ಇವತ್ತು ಮನೆಗೆ ಹೋಗಿ. ‘ಏ’ ಅನ್ನುವ ಜಾಗದಲ್ಲಿ ಹೆಸರು ಹಿಡಿದು ಕರೆಯಿರಿ. ಆರಾಮ ಇದ್ದೀಯಾ ಎಂದು ಕೇಳಿ, ಉತ್ತರ ಮುಗಿಯುವ ತನಕ ಕೂತುಕೊಳ್ಳಿ. ಹಿಂದೆ ಯಾರು ಬಂದರೆಂದು ಅವರು ತಿರುಗಿ ನೋಡುತ್ತಾರೆ. ನೋಡಲಿ. ಅದು ನಿಮ್ಮ ತಪ್ಪಿನ ಅಳತೆ. ತಿರುಗಿ ನೋಡುವುದನ್ನು ಅವರು ಬಿಡುವ ತನಕ ಬಿಡಬೇಡಿ.

ಈಗ ಪ್ರಸಾದಕ್ಕೆ ಏಳಿ. ಸಾಲಿನಲ್ಲಿ ಬನ್ನಿ. ಅನ್ನ ಬಡಿಸುವ ಕೈ ಯಾರದೆಂದು ಒಮ್ಮೆ ತಲೆಯೆತ್ತಿ ನೋಡಿ.